ಎರೆಮಣ್ಣಿನ ಹಿತ್ತಿಲಿಗೊಂದು ಜೋಕಾಲಿ: ಆಯ್ಕೆ ಮತ್ತು ಕೆಲಸದ ದಾಖಲೆ

ಫೆಬ್ರುವರಿ: ಜಾಗದ ಅಳತೆ

ಹುಬ್ಬಳ್ಳಿಯ ಗದಗ ರಸ್ತೆಯ ಕಡೆಗಿರುವ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ ಮಕ್ಕಳಿಗಾಗಿ ಒಂದು ಜೋಕಾಲಿ ನಿಲ್ಲಿಸುವ ಕೆಲಸವನ್ನು ಈ ತಿಂಗಳು ಕೈಗೆತ್ತಿಕೊಂಡಿದ್ದೇನೆ. ನಾಗರ ಪಂಚಮಿಯ ಹೊತ್ತಿಗೆ ಅದು ಆಡಲು ಸಿದ್ಧವಾಗಿರಬೇಕು. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ಹಬ್ಬಕ್ಕೆ ಅಕ್ಕ-ತಂಗಿಯರು ತವರಿಗೆ ಬಂದರೆ ಅವರ ಮಕ್ಕಳೂ ಸೇರುತ್ತಾರೆ. ಅಂಗಡಿಗೆ ಹೋಗಿ ಮಾದರಿಗಳನ್ನು ನೋಡುವುದಕ್ಕಿಂತ ಮೊದಲು ಹಿತ್ತಿಲನ್ನು ಅಳೆಯಬೇಕೆಂದು ನಿರ್ಧರಿಸಿದೆ, ಏಕೆಂದರೆ ಜೋಕಾಲಿಯ ಎತ್ತರ, ಕಾಲುಗಳ ಅಗಲ, ಮಣೆಗಳ ಸಂಖ್ಯೆ ಇವೆಲ್ಲವನ್ನೂ ಕೊನೆಗೆ ತೀರ್ಮಾನಿಸುವುದು ನೆಲವೇ ಎಂಬುದು ನನ್ನ ನಂಬಿಕೆ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮಕ್ಕಳ ಆಟದ ಸಲಕರಣೆಗಳಿಗಾಗಿ ಕೈಪಿಡಿಗಳನ್ನು ಪ್ರಕಟಿಸಿದೆ. ಅದರ ಪ್ರಕಾರ ಜೋಕಾಲಿ ತೂಗುವ ಅಡ್ಡತೊಲೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಪಟ್ಟು ಜಾಗ ಮುಂದೆಯೂ ಅಷ್ಟೇ ಜಾಗ ಹಿಂದೆಯೂ ಖಾಲಿಯಾಗಿರಬೇಕು, ಪಕ್ಕಗಳಲ್ಲಿ ಆರು ಅಡಿ ಬಿಡಬೇಕು. ಇದು ನಮ್ಮ ದೇಶದ ನಿಯಮವಲ್ಲದಿದ್ದರೂ ಇದರ ಹಿಂದಿನ ಕಾರಣ ಎಲ್ಲ ಊರಿಗೂ ಒಪ್ಪುವಂಥದ್ದು: ಜೀಕುತ್ತ ಮೇಲೇರಿದ ಮಗು ಕೈಬಿಟ್ಟು ಜಿಗಿದರೆ ಮಣೆಯ ಕೆಳಗೆ ಬೀಳುವುದಿಲ್ಲ, ಬಹಳ ಮುಂದೆ ಹೋಗಿ ಬೀಳುತ್ತದೆ. ಹಾಗಾಗಿ ಎಂಟು ಅಡಿ ಎತ್ತರದ ತೊಲೆಗೆ ಒಟ್ಟು ಮೂವತ್ತೆರಡು ಅಡಿ ಉದ್ದದ ಜಾಗ ಬೇಕು, ಹತ್ತು ಅಡಿ ಎತ್ತರದ್ದಕ್ಕೆ ನಲವತ್ತು ಅಡಿ.

ಮನೆಯ ಮುಂದಿನ ಅಂಗಳ ಪೂರ್ವ-ಪಶ್ಚಿಮವಾಗಿ ಇಪ್ಪತ್ತಾರು ಅಡಿ ಇದೆ, ನೆರಳೂ ಚೆನ್ನಾಗಿದೆ; ಆದರೆ ಉದ್ದ ಸಾಲದು. ಹಿಂದಿನ ಹಿತ್ತಿಲು ಉತ್ತರ-ದಕ್ಷಿಣವಾಗಿ ಮೂವತ್ತೈದು ಅಡಿ ಇದೆ. ಉತ್ತರ-ದಕ್ಷಿಣವಾಗಿ ತೂಗುವುದರಿಂದ ಇನ್ನೊಂದು ಅನುಕೂಲವೂ ಸಿಗುತ್ತದೆ: ಮಕ್ಕಳು ಹೆಚ್ಚಾಗಿ ಆಡುವುದು ಶಾಲೆ ಬಿಟ್ಟ ಮೇಲೆ ಸಂಜೆ, ಆಗ ಇಳಿಬಿಸಿಲು ನೇರವಾಗಿ ಅವರ ಕಣ್ಣಿಗೆ ಬೀಳುವುದಿಲ್ಲ. ಎತ್ತರ ಎಂಟು ಅಡಿ, ಸ್ಥಳ ಹಿತ್ತಿಲು ಎಂದು ನಿಶ್ಚಯವಾಯಿತು.

ಹಿತ್ತಿಲಲ್ಲಿರುವ ಮಾವಿನ ಮರಕ್ಕೆ ಹಗ್ಗ ಕಟ್ಟಿದರೆ ಸಾಕಲ್ಲವೇ ಎಂದು ಅವ್ವ ಕೇಳಿದರು. ಅವರ ತವರು ನವಲಗುಂದದ ಕಡೆ. ಅಲ್ಲಿ ಪಂಚಮಿಗೆ ಹುಣಸೆ ಮರಕ್ಕೇ ಜೋಕಾಲಿ ಕಟ್ಟುತ್ತಿದ್ದರು. ಹುಣಸೆಯ ಕೊಂಬೆ ಗಟ್ಟಿ, ಗಾಳಿಗೆ ಸುಲಭವಾಗಿ ಮುರಿಯುವುದಿಲ್ಲ. ನಮ್ಮ ಮಾವಿನ ಮರದಲ್ಲಿ ನೆಲಕ್ಕೆ ಸಮನಾಗಿ ಚಾಚಿದ ದಪ್ಪ ಕೊಂಬೆ ಒಂದೇ ಇದೆ, ಅದರ ಬುಡದಲ್ಲಿ ಪೊಟರೆ ಬಿದ್ದಿದೆ. ಹಬ್ಬದ ದಿನಗಳಿಗಷ್ಟೇ ಕಟ್ಟಿ ಬಿಚ್ಚುವ ಹಗ್ಗಕ್ಕೂ ವರ್ಷವಿಡೀ ಅದೇ ಜಾಗದಲ್ಲಿ ಉಜ್ಜುತ್ತಿರುವ ಹಗ್ಗಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದು ತೊಗಟೆಯನ್ನು ಕತ್ತರಿಸಿ ಕೊಂಬೆಯನ್ನು ನಿಧಾನವಾಗಿ ಒಣಗಿಸುತ್ತದೆ. ಮರವನ್ನು ಕೈಬಿಟ್ಟೆ.

ಮಾರ್ಚ್: ಭಾರದ ಲೆಕ್ಕ ಮತ್ತು ಪೈಪು

ಸಿದ್ಧ ಜೋಕಾಲಿಗಳನ್ನು ಊರಿನ ಅಂಗಡಿಗಳಲ್ಲಿ ನೋಡಿ ಬಂದೆ. ಬಣ್ಣ ಚೆಂದ, ಜೋಡಿಸುವುದೂ ಸುಲಭ, ಆದರೆ ಹೆಚ್ಚಿನವುಗಳ ಪೈಪು ತೆಳುವಾದದ್ದು, ಕಾಲುಗಳು ನೆಲದ ಮೇಲೆ ಸುಮ್ಮನೆ ಕೂರುವಂಥವು. ಜೋರಾಗಿ ಜೀಕಿದಾಗ ಹಿಂದಿನ ಕಾಲುಗಳು ನೆಲ ಬಿಟ್ಟು ಏಳುತ್ತವೆ. ಮೂರು ವರ್ಷದ ಮಗು ಒಂದಕ್ಕೇ ಆದರೆ ಅದು ನಡೆದೀತು. ನಮ್ಮ ಭಾಗದಲ್ಲಿ ಮಾತ್ರ ಜೋಕಾಲಿಯನ್ನು ಮಕ್ಕಳಿಗಷ್ಟೇ ಎಂದು ಹೇಳಿ ಕೂಡಿಸಲಾಗುವುದಿಲ್ಲ. ಪಂಚಮಿಯ ದಿನ ಉಂಡಿ ಹಂಚಿದ ಮೇಲೆ ಹೆಣ್ಣುಮಕ್ಕಳು ಇಬ್ಬಿಬ್ಬರು ಎದುರುಬದುರಾಗಿ ಮಣೆಯ ಮೇಲೆ ನಿಂತು ಜೀಕುವುದು ಇಲ್ಲಿನ ರೂಢಿ, ಅದನ್ನು ತಡೆಯುವ ಇಚ್ಛೆ ನನಗಿಲ್ಲ. ಹೀಗಾಗಿ ಚೌಕಟ್ಟನ್ನು ಇಬ್ಬರು ದೊಡ್ಡವರ ಭಾರಕ್ಕೆ ಲೆಕ್ಕ ಹಾಕಿದೆ.

ತೂಗುವ ಭಾರ ನಿಂತ ಭಾರಕ್ಕಿಂತ ಹೆಚ್ಚು. ಜೋಕಾಲಿ ನೇರ ಕೆಳಗಿನ ಬಿಂದುವನ್ನು ದಾಟುವಾಗ ಸರಪಳಿಯು ದೇಹದ ತೂಕವನ್ನು ಹೊರುವುದರ ಜೊತೆಗೆ ಅದನ್ನು ವೃತ್ತದ ದಾರಿಯಲ್ಲಿ ಹಿಡಿದಿಡಬೇಕಾಗುತ್ತದೆ. ನೇರ ರೇಖೆಯಿಂದ ಅರವತ್ತು ಡಿಗ್ರಿ ಮೇಲೇರಿ ಬಂದರೆ ಕೆಳಗಿನ ಬಿಂದುವಿನಲ್ಲಿ ಎಳೆತ ತೂಕದ ಎರಡು ಪಟ್ಟು, ಸರಪಳಿ ನೆಲಕ್ಕೆ ಸಮನಾಗುವಷ್ಟು ಏರಿ ಬಂದರೆ ಮೂರು ಪಟ್ಟು. ಅರವತ್ತು ಕಿಲೋದ ಇಬ್ಬರು ನಿಂತರೆ 120 ಕಿಲೋ. ಜೋರಾಗಿ ಜೀಕಿದಾಗ ತೊಲೆಯ ಮೇಲೆ 240 ಕಿಲೋ, ಅತಿರೇಕಕ್ಕೆ ಹೋದರೆ 360 ಕಿಲೋ ಭಾರ ಬೀಳುತ್ತದೆ. ಇದನ್ನು ತಿಳಿದ ಮೇಲೆ ತೆಳು ಪೈಪಿನ ಮಾತೇ ಉಳಿಯಲಿಲ್ಲ.

ಕಬ್ಬಿಣದ ಅಂಗಡಿಯಲ್ಲಿ ಜಿ.ಐ. ಪೈಪನ್ನು, ಅಂದರೆ ಸತು ಲೇಪಿಸಿದ ಪೈಪನ್ನು, ಎ, ಬಿ, ಸಿ ಎಂಬ ಮೂರು ಕ್ಲಾಸುಗಳಲ್ಲಿ ಕೊಡುತ್ತಾರೆ, ಐ.ಎಸ್. 1239 ಎಂಬ ಭಾರತೀಯ ಮಾನಕದಂತೆ ಹಗುರದ ಪೈಪಿಗೆ ಹಳದಿ ಪಟ್ಟಿ, ಮಧ್ಯಮಕ್ಕೆ ನೀಲಿ, ಭಾರದ್ದಕ್ಕೆ ಕೆಂಪು ಇರುತ್ತದೆ. ಅಂಗಡಿಯವರ ಮಾತಿಗಿಂತ ಈ ಪಟ್ಟಿಯನ್ನು ನೋಡಿ ಕೊಳ್ಳುವುದು ಒಳ್ಳೆಯದು. ನನ್ನ ಮೊದಲ ಯೋಚನೆ ಎರಡು ಇಂಚಿನ ಬಿ ಕ್ಲಾಸ್ ಪೈಪು; ಅದರ ಹೊರವ್ಯಾಸ 60.3 ಮಿ.ಮೀ., ಗೋಡೆಯ ದಪ್ಪ ಸುಮಾರು 3.6 ಮಿ.ಮೀ. ಎಂಟು ಅಡಿ ಅಂತರದ ಎರಡು ಆಸರೆಗಳ ನಡುವೆ ಅದು 240 ಕಿಲೋವನ್ನು ತಾಳುತ್ತದೆ, 360ಕ್ಕೆ ಮಾತ್ರ ಬಾಗುವ ಮಿತಿಯ ಹತ್ತಿರ ಬರುತ್ತದೆ. ಅದೇ ದಪ್ಪದ ಗೋಡೆಯ ಎರಡೂವರೆ ಇಂಚಿನ ಪೈಪನ್ನು ತೆಗೆದುಕೊಂಡರೆ ತೂಕ ಕಾಲು ಭಾಗದಷ್ಟು ಹೆಚ್ಚುತ್ತದೆ, ಬಾಗದೆ ನಿಲ್ಲುವ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹಣ ಕೊಡುವುದಿದ್ದರೆ ಇಲ್ಲೇ ಕೊಡಬೇಕು. ಅಡ್ಡತೊಲೆಗೆ ಎರಡೂವರೆ ಇಂಚು, ನಾಲ್ಕು ಕಾಲುಗಳಿಗೆ ಎರಡು ಇಂಚು ಎಂದು ತೀರ್ಮಾನಿಸಿದೆ.

ಸಾಗವಾನಿಯ ಚೌಕಟ್ಟನ್ನೂ ಪರಿಗಣಿಸಿದ್ದೆ. ಹಳಿಯಾಳ, ದಾಂಡೇಲಿ ನಮಗೆ ದೂರವಲ್ಲ, ಒಳ್ಳೆಯ ಮರ ಸಿಗುತ್ತದೆ. ಬೆಲೆ ಕೇಳಿ ಬಿಟ್ಟೆ.

ಏಪ್ರಿಲ್: ತಗ್ಗು

ಈ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ ಇದು. ನಮ್ಮ ಹಿತ್ತಿಲಿನದು ಅಪ್ಪಟ ಎರೆಮಣ್ಣು, ಅಂದರೆ ಕಪ್ಪು ಜೇಡಿಮಣ್ಣು. ಈಗ ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು ಬಿಟ್ಟಿವೆ, ಮಳೆ ಬಿದ್ದ ಮೇಲೆ ಇದೇ ಮಣ್ಣು ಉಬ್ಬಿ ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಅದರಲ್ಲಿರುವ ಜೇಡಿಯು ತನ್ನ ಪದರಗಳ ನಡುವೆ ನೀರನ್ನು ಹೀರಿಕೊಂಡು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲುಮೇಲಿನ ತಗ್ಗಿನಲ್ಲಿ ಕಾಲು ಹೂತರೆ ನಾಲ್ಕೂ ಕಾಲುಗಳು ಒಂದೇ ಸಮನೆ ಏರಿಳಿಯುವುದಿಲ್ಲ. ಒಂದು ಎದ್ದು ಇನ್ನೊಂದು ಕುಸಿದು, ತೊಲೆ ಓರೆಯಾಗಿ, ಕೀಲುಗಳ ಮೇಲೆ ತಿರುಚುವ ಒತ್ತಡ ಬೀಳುತ್ತದೆ. ಧಾರವಾಡದ ಕೆಂಪು ಮಣ್ಣಿನ ಬಡಾವಣೆಗಳಲ್ಲಿರುವವರಿಗೆ ಈ ತೊಂದರೆ ಇಷ್ಟಿಲ್ಲ. ಹುಬ್ಬಳ್ಳಿ, ನವಲಗುಂದ, ಗದಗಿನ ಎರೆಭೂಮಿಯವರು ಪೈಪಿಗಿಂತ ತಗ್ಗಿಗೆ ಹೆಚ್ಚು ಗಮನ ಕೊಡಬೇಕು.

ವೆಲ್ಡಿಂಗ್ ಮಾಡುವ ಹಿರಿಯರನ್ನು ಕರೆಸಿ ತೋರಿಸಿದಾಗ ಅವರು ಒಂದೇ ಮಾತು ಹೇಳಿದರು: “ಸರ, ಇದು ಎರಿ ಭೂಮಿ. ಎರಡ ಫೂಟ ತಗ್ಗಿಗೆ ನಿಂದ್ರೂದಿಲ್ಲ. ಗರಸು ಹಾಕಿಸ್ರಿ, ಇಲ್ಲಾಂದ್ರ ಮಳಿಗಾಲಕ್ಕ ಕಾಲು ಮ್ಯಾಲೆ ಬರತಾವ.” ಅವರ ಸಲಹೆಯಂತೆ ಮೂರೂವರೆ ಅಡಿ ಆಳದ ನಾಲ್ಕು ತಗ್ಗುಗಳನ್ನು ತೋಡಿಸಿದೆವು. ತಳದಲ್ಲಿ ಒಂದು ಅಡಿ ಗರಸು, ಅಂದರೆ ಒರಟಾದ ಕಲ್ಲುಮಣ್ಣು, ಹಾಕಿ, ನೀರು ಬಿಟ್ಟು, ಗಟ್ಟಿಯಾಗಿ ದಮ್ಮಸು ಮಾಡಿ, ಅದರ ಮೇಲೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟಿನಲ್ಲಿ ಕಾಲುಗಳನ್ನು ನಿಲ್ಲಿಸಿದೆವು. ಕಾಂಕ್ರೀಟಿನ ಸುತ್ತಲೂ ಎರೆಮಣ್ಣು ನೇರವಾಗಿ ತಾಗದಂತೆ ಗರಸನ್ನೇ ತುಂಬಿದ್ದೇವೆ, ಉಬ್ಬುವ ಮಣ್ಣು ಕಾಂಕ್ರೀಟನ್ನು ಹಿಡಿದು ಮೇಲೆತ್ತಬಾರದೆಂದು. ಕಾಂಕ್ರೀಟಿನ ತಲೆ ನೆಲಮಟ್ಟಕ್ಕಿಂತ ಕೆಳಗೇ ಇದೆ. ಬಿದ್ದ ಮಗುವಿನ ತಲೆಗೆ ಅದು ತಾಗಬಾರದು. ಒಂದು ವಾರ ಗೋಣಿಚೀಲ ಹೊದಿಸಿ ದಿನವೂ ನೀರು ಹಾಕಿದೆವು.

ಜಿ.ಐ. ಪೈಪನ್ನು ಬೆಸೆಯುವಾಗ ಸತುವಿನ ಲೇಪ ಸುಟ್ಟು ಬರುವ ಬಿಳಿ ಹೊಗೆ ಉಸಿರಾಟಕ್ಕೆ ಒಳ್ಳೆಯದಲ್ಲ, ಜ್ವರ ಬರಿಸುತ್ತದೆ. ಆದ್ದರಿಂದ ಬೆಸುಗೆ ಬೀಳುವ ಜಾಗಗಳಲ್ಲಿ ಲೇಪವನ್ನು ಮೊದಲೇ ಉಜ್ಜಿ ತೆಗೆಸಿ, ಬಯಲಿನಲ್ಲೇ ಕೆಲಸ ಮಾಡಿಸಿದೆ, ಆಮೇಲೆ ಆ ಜಾಗಗಳಿಗೆ ಸತುವಿನ ಬಣ್ಣ ಹಚ್ಚಿಸಿದೆ. ಮೇಲಿನ ಬಣ್ಣದ ಡಬ್ಬಿಯ ಮೇಲೆ ಸೀಸದ ಪ್ರಮಾಣವನ್ನು ಓದಿಯೇ ಕೊಂಡೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಡಬ್ಬಿ ಮನೆಯಲ್ಲಿ ಉಳಿದಿದ್ದರೆ ಅದನ್ನು ಮಕ್ಕಳು ಕೈಯಿಡುವ ಯಾವ ವಸ್ತುವಿಗೂ ಹಚ್ಚಬಾರದು.

ಮೇ: ಸರಪಳಿ, ಮಣೆ

ಹಗ್ಗವೋ ಸರಪಳಿಯೋ ಎಂಬ ಪ್ರಶ್ನೆಯಲ್ಲಿ ಮನಸ್ಸು ಹಗ್ಗದ ಕಡೆಗಿತ್ತು, ಏಕೆಂದರೆ ಅದು ಕೈಗೆ ಹಿತ. ಪುಂಡಿ ನಾರಿನ ಹಗ್ಗ ಮಳೆಗೆ ನೆನೆದು ಒಳಗಿನಿಂದ ಕೊಳೆಯುತ್ತದೆ, ಹೊರಗೆ ನೋಡಿದರೆ ತಿಳಿಯುವುದಿಲ್ಲ. ನೈಲಾನ್ ಹಗ್ಗ ಭಾರಕ್ಕೆ ಜಗ್ಗುತ್ತದೆ, ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಸತು ಲೇಪಿಸಿದ ಚಿಕ್ಕ ಕೊಂಡಿಗಳ ಸರಪಳಿಯನ್ನು ಆರಿಸಿದೆ. ಕೈ ಹಿಡಿಯುವ ಎತ್ತರದಲ್ಲಿ ಅದರ ಮೇಲೆ ತೋಟಕ್ಕೆ ನೀರು ಹಾಯಿಸುವ ಪೈಪನ್ನು ತೊಡಿಸಿದ್ದೇನೆ, ಬೆರಳು ಸಿಕ್ಕಿಕೊಳ್ಳುವ ಭಯವಿಲ್ಲ, ಬಿಸಿಲಿಗೆ ಕಾಯ್ದ ಲೋಹ ಅಂಗೈಗೆ ತಾಗುವುದೂ ಇಲ್ಲ. ಎಸ್ ಆಕಾರದ ಕೊಕ್ಕೆಗಳನ್ನು ಬಳಸುವವರು ಅವುಗಳ ಬಾಯನ್ನು ಒಂದು ಮಿಲಿಮೀಟರಿನಷ್ಟೂ ಸಂದಿಲ್ಲದಂತೆ ಬಡಿದು ಮುಚ್ಚಬೇಕು, ಅಲ್ಲಿಯೇ ಬಟ್ಟೆಯ ದಾರ ಸಿಕ್ಕಿಕೊಳ್ಳುವುದು. ಮಗಳಿಗೆ ಓಢಣಿ, ಕೊರಳ ದಾರ ತೆಗೆದಿಟ್ಟೇ ಹತ್ತಬೇಕೆಂದು ಈಗಲೇ ಹೇಳಿದ್ದೇನೆ.

ಮಣೆಯ ವಿಷಯದಲ್ಲಿ ಮರದ ಹಲಗೆ ನೋಡಲು ಚೆಂದ. ಆದರೆ ತೂಗುತ್ತಿರುವ ಖಾಲಿ ಹಲಗೆಯ ಅಂಚು ಎದುರಿಗೆ ಓಡಿಬರುವ ಮೂರು ವರ್ಷದ ಮಗುವಿನ ಹಣೆಯ ಮಟ್ಟಕ್ಕೇ ಬರುತ್ತದೆ. ಈ ಒಂದು ಕಾರಣಕ್ಕಾಗಿ ಮಕ್ಕಳ ದಿನನಿತ್ಯದ ಆಟಕ್ಕೆ ರಬ್ಬರಿನ ಪಟ್ಟಿಯ ಮಣೆಯನ್ನು ಆರಿಸಿದೆ. ಹಳೆಯ ಲಾರಿ ಟೈರು ಅಗ್ಗ, ಮೆತ್ತಗೂ ಇರುತ್ತದೆ; ಅದರೊಳಗಿನ ಉಕ್ಕಿನ ತಂತಿ ಹೊರಗೆ ಚಾಚಬಹುದು, ತಳಕ್ಕೆ ತೂತು ಕೊರೆಯದಿದ್ದರೆ ಮಳೆನೀರು ನಿಂತು ಡೆಂಗಿಯ ಸೊಳ್ಳೆ ಹುಟ್ಟುತ್ತದೆ. ಮಗನಿಗೆ ಸುತ್ತಲೂ ಆಸರೆಯಿರುವ ಬುಟ್ಟಿಯಂಥ ಮಣೆ ಬೇಕು. ಎರಡೂ ಮಣೆಗಳನ್ನು ಒಂದೇ ತೊಲೆಗೆ ಅಕ್ಕಪಕ್ಕ ತೂಗುಹಾಕಬಾರದೆಂಬ ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ: ದೊಡ್ಡವಳು ಜೀಕುವ ವೇಗದ ಹತ್ತಿರ ಚಿಕ್ಕವನನ್ನು ಕೂರಿಸಲು ತಾಯ್ತಂದೆಯರು ನಡುವೆ ನಿಲ್ಲಬೇಕಾಗುತ್ತದೆ. ತೊಲೆಯ ನಡುವೆ ಒಂದೇ ಮಣೆ, ಬೇಕಾದಾಗ ಬದಲಿಸಲು ತಿರುಪಿನ ಕೊಂಡಿಗಳು ಎಂದು ನಿಶ್ಚಯಿಸಿದೆ. ಪಂಚಮಿಗೆ ಮಾತ್ರ ಅವೇ ಕೊಂಡಿಗಳಿಗೆ ಅಗಲವಾದ ಸಾಗವಾನಿ ಹಲಗೆ ಬರುತ್ತದೆ, ಆಗ ಚಿಕ್ಕವರು ದೂರ ನಿಲ್ಲಬೇಕು.

ಜೂನ್: ಕೆಳಗಿನ ಹಾಸು

ಬೇಸಿಗೆಯ ಎರೆಭೂಮಿ ಕಲ್ಲಿನಷ್ಟೇ ಗಟ್ಟಿ, ಮಳೆಗಾಲದಲ್ಲಿ ಜಾರು ಕೆಸರು. ಈ ಎರಡು ಬಗೆಯ ನೆಲವೂ ಮಕ್ಕಳು ಬೀಳಲು ತಕ್ಕದ್ದಲ್ಲ. ಮರಳು ಹಾಕಿಸುವ ಯೋಚನೆಯಿತ್ತು, ಆದರೆ ಅದೇ ಅಮೆರಿಕದ ಕೈಪಿಡಿಯ ಪ್ರಕಾರ ಒಂಬತ್ತು ಇಂಚು ಮರಳು ನಾಲ್ಕು ಅಡಿ ಎತ್ತರದ ಬೀಳುವಿಕೆಗಷ್ಟೇ ಸಾಕು. ಜೋಕಾಲಿಯಲ್ಲಿ ಬೀಳುವ ಎತ್ತರವೆಂದು ಲೆಕ್ಕ ಹಿಡಿಯುವುದು ತೊಲೆಯ ಎತ್ತರವನ್ನೇ. ಅಷ್ಟೇ ದಪ್ಪದ ಮರದ ಚಕ್ಕೆ ಹತ್ತು ಅಡಿಯವರೆಗೆ ಆಗುತ್ತದೆ. ಕಟ್ಟಿಗೆ ಅಡ್ಡೆಯಿಂದ ಚಕ್ಕೆ ತರಿಸಿ, ಮೊಳೆ ಮತ್ತು ಚೂಪು ಸಿಬಿರುಗಳನ್ನು ಆರಿಸಿ ತೆಗೆದು, ಕೆಳಗೆ ಗರಸಿನ ಪದರ ಹಾಕಿ ನೀರು ಇಳಿಯಲು ಇಳಿಜಾರು ಕೊಟ್ಟು, ಹನ್ನೆರಡು ಇಂಚು ಹಾಸಿದೆವು. ತುಳಿದು ತುಳಿದು ಅದು ಒಂಬತ್ತಕ್ಕೆ ಇಳಿಯುತ್ತದೆ. ಕಟ್ಟಿಗೆಯ ಹೊಟ್ಟು ಮಳೆಗೆ ಮುದ್ದೆಯಾಗುವುದರಿಂದ ಅದನ್ನು ಬೆರೆಸಿಲ್ಲ. ಗೆದ್ದಲಿನ ಭಯವಿದ್ದೇ ಇದೆ, ಆದ್ದರಿಂದ ಹಾಸನ್ನು ಮನೆಯ ಗೋಡೆಯಿಂದ ದೂರವಿಟ್ಟಿದ್ದೇನೆ, ವರ್ಷಕ್ಕೊಮ್ಮೆ ತೆಗೆದು ಹೊಸದು ಹಾಕುವ ಸಿದ್ಧತೆಯೂ ಇದೆ.

ಜುಲೈ: ಪರೀಕ್ಷೆ

ಮಕ್ಕಳನ್ನು ಕೂರಿಸುವ ಮೊದಲು ಐವತ್ತು ಕಿಲೋದ ನಾಲ್ಕು ಮರಳಿನ ಚೀಲಗಳನ್ನು ಕೊಂಡಿಗಳಿಗೆ ತೂಗುಹಾಕಿ ಒಂದು ರಾತ್ರಿ ಬಿಟ್ಟೆವು. ತೊಲೆಯ ಎರಡು ತುದಿಗಳಿಗೆ ಬಿಗಿದ ದಾರದಿಂದ ಅಳೆದಾಗ ನಡುಭಾಗ ಸುಮಾರು ಐದು ಮಿಲಿಮೀಟರ್ ಇಳಿದಿತ್ತು, ಚೀಲ ತೆಗೆದ ಮೇಲೆ ಮೊದಲಿನ ಮಟ್ಟಕ್ಕೆ ಬಂದಿತು. ಲೆಕ್ಕಕ್ಕೂ ಅಳತೆಗೂ ಹೊಂದಿಕೆಯಾದದ್ದು ದೊಡ್ಡ ಸಮಾಧಾನ. ಮುಂಗಾರು ಬಂದ ಮೇಲೆ ಎರೆ ಉಬ್ಬಿದೆ, ಅಂಗಳದ ಬಿರುಕುಗಳು ಮುಚ್ಚಿವೆ; ನೀರುಮಟ್ಟದ ಪೈಪು ಹಿಡಿದು ನೋಡಿದರೆ ನಾಲ್ಕೂ ಕಾಲುಗಳು ಏಪ್ರಿಲಿನಲ್ಲಿ ಗುರುತು ಹಾಕಿದ ಮಟ್ಟದಲ್ಲೇ ಇವೆ.

ಮಗಳು ಈಗ ಪ್ರತಿದಿನ ಸಂಜೆ ಜೀಕುತ್ತಾಳೆ. ಮಗನ ಬುಟ್ಟಿ ಮಣೆ ಇನ್ನೂ ಬಂದಿಲ್ಲ. ಅದನ್ನು ಹಾಸಿನಿಂದ ಎರಡು ಅಡಿ ಎತ್ತರದಲ್ಲಿ ತೂಗುಹಾಕಬೇಕಾದ್ದರಿಂದ ಸರಪಳಿಯ ಮೇಲಿನ ಕೊಂಡಿಯೊಂದಕ್ಕೆ ಕೆಂಪು ಗುರುತು ಹಾಕಿಟ್ಟಿದ್ದೇನೆ. ಪಂಚಮಿ ಮುಗಿದ ಮರುದಿನ ತೊಲೆಯ ಬೋಲ್ಟುಗಳನ್ನೂ ಅವುಗಳ ಸುತ್ತ ಕೂರುವ ಬುಷ್‌ ಎಂಬ ಬಳೆಗಳನ್ನೂ ಬಿಚ್ಚಿ ಸವೆತ ನೋಡುವುದು ಮುಂದಿನ ಕೆಲಸ.