ಸಸ್ಯಮೂಲದ ಇಂಗಾಲ ವೇಗವರ್ಧಕವಾದರೆ ಅದು ಹಸಿರೇ?

ಸಸ್ಯತ್ಯಾಜ್ಯದಿಂದ ಮಾಡಿದ ಇದ್ದಿಲು ನಿಜಕ್ಕೂ ವೇಗವರ್ಧಕದ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವಿನ, ಕೆಲಸ ಮಾಡುತ್ತದೆಯೇ, ಮಾಡಿದರೆ ಅದನ್ನು ಹಸಿರು ರಸಾಯನಶಾಸ್ತ್ರ (ತ್ಯಾಜ್ಯ ಕಡಿಮೆ ಮಾಡುವ ರಸಾಯನಶಾಸ್ತ್ರ) ಎನ್ನಬಹುದೇ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಹಸಿರು ಹೌದೋ ಅಲ್ಲವೋ ಎಂಬುದು ಯಾವ ಗಿಡದಿಂದ ಬಂತು ಎಂಬುದಕ್ಕಿಂತ, ಎಷ್ಟು ಸಲ ಮರುಬಳಕೆಗೆ ಒದಗುತ್ತದೆ ಎಂಬುದರ ಮೇಲೆ ನಿಂತಿದೆ.

ಕೊಬ್ಬಿನಾಮ್ಲ ಮತ್ತು ಮೆಥನಾಲ್ ಸೇರಿಸಿ ಬಯೋಡೀಸೆಲ್ ತಯಾರಿಸಲು ಗಂಧಕಾಮ್ಲ ಅಗ್ಗದ ವೇಗವರ್ಧಕ. ಅದು ದ್ರವದಲ್ಲಿಯೇ ಬೆರೆತುಹೋಗುವುದರಿಂದ ಕೊನೆಗೆ ಕ್ಷಾರ ಹಾಕಿ ತಟಸ್ಥಗೊಳಿಸಬೇಕಾಗುತ್ತದೆ. ಆಗ ಆಮ್ಲವೂ ನಷ್ಟವಾಗಿ, ಲವಣದ ತ್ಯಾಜ್ಯವೂ ಉಳಿಯುತ್ತದೆ. ಆಮ್ಲದ ಗುಣವಿರುವ ಸಲ್ಫೋನಿಕ್ ಗುಂಪುಗಳನ್ನು (ಗಂಧಕವಿರುವ ಪರಮಾಣುಗಳ ಗುಂಪುಗಳನ್ನು) ಘನ ಇಂಗಾಲಕ್ಕೆ ಭದ್ರವಾಗಿ ಬೆಸೆದರೆ, ಕ್ರಿಯೆ ಮುಗಿದ ಮೇಲೆ ಅದನ್ನು ಸೋಸಿ, ತೊಳೆದು, ಮತ್ತೆ ಬಳಸಬಹುದು.

2005ರಲ್ಲಿ ಜಪಾನಿನ ಮಿಚಿಕಾಜು ಹಾರಾ ಅವರ ತಂಡ ಸಕ್ಕರೆಯಿಂದಲೇ ಇಂಥ ವೇಗವರ್ಧಕವನ್ನು ಮಾಡಿ ತೋರಿಸಿತು. ಸಕ್ಕರೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರೆಬರೆ ಇಂಗಾಲವಾಗಿಸಿ, ಬಳಿಕ ಪ್ರಬಲ ಗಂಧಕಾಮ್ಲದಲ್ಲಿ ಕಾಯಿಸುವುದು ಅದರ ವಿಧಾನ. ಇಲ್ಲಿ ಅರೆಬರೆಯಾಗಿರುವುದೇ ಮುಖ್ಯ: ಹೆಚ್ಚು ಕಾಯಿಸಿದರೆ ಇಂಗಾಲದ ಹಾಳೆಗಳು ದೊಡ್ಡದಾಗಿ, ಬಿಗಿಯಾಗಿ ಜೋಡಣೆಗೊಂಡು, ಸಲ್ಫೋನಿಕ್ ಗುಂಪುಗಳು ಸೇರಲು ಜಾಗ ಕಡಿಮೆಯಾಗುತ್ತದೆ. ಈ ಇಂಗಾಲದ ಮೇಲ್ಮೈ ವಿಸ್ತೀರ್ಣ ತೀರಾ ಕಡಿಮೆಯಿದ್ದರೂ, ಅದರಲ್ಲಿರುವ ನೀರನ್ನು ಸೆಳೆಯುವ ಗುಂಪುಗಳ ನೆರವಿನಿಂದ ಮೆಥನಾಲ್‌ನಂಥ ಅಣುಗಳು ಒಳಕ್ಕೆ ಇಳಿಯಬಲ್ಲವು. ಇದು ನನಗೆ ಇಂದಿಗೂ ಬೆರಗಿನ ಸಂಗತಿ.

ನನ್ನ ಆಕ್ಷೇಪವಿರುವುದು ತಯಾರಿಕೆಯ ಎರಡನೆಯ ಹಂತದ ಬಗ್ಗೆ. ಅದಕ್ಕೆ ಬೇಕಾಗುವುದಕ್ಕಿಂತ ಹೆಚ್ಚು ಗಂಧಕಾಮ್ಲ ಸುರಿದು, ಉಳಿದದ್ದನ್ನು ತೊಳೆಯಲು ಧಾರಾಳವಾಗಿ ನೀರು ಬಳಸಿದರೆ, ತಪ್ಪಿಸಬೇಕೆಂದಿದ್ದ ತ್ಯಾಜ್ಯ ಬೇರೆ ಬಾಗಿಲಿನಿಂದ ಒಳಗೆ ಬಂದಂತೆಯೇ. ಆ ವೆಚ್ಚವನ್ನು ತೀರಿಸುವುದು ಹಲವು ಸಲದ ಮರುಬಳಕೆ ಮಾತ್ರ. ಆದ್ದರಿಂದ ಇಂಥ ಯಾವುದೇ ಪ್ರಬಂಧ ಓದುವಾಗ ನಾನು ಮೊದಲು ಹುಡುಕುವುದು ಎರಡು ಪರೀಕ್ಷೆಗಳನ್ನು. ಕ್ರಿಯೆ ಅರ್ಧ ನಡೆದಿರುವಾಗಲೇ ಬಿಸಿಯಾಗಿದ್ದಂತೆ ಇಂಗಾಲವನ್ನು ಸೋಸಿ ತೆಗೆದು, ಉಳಿದ ದ್ರವವನ್ನು ಕಾಯಿಸುತ್ತಾ ಹೋಗುವುದು ಮೊದಲನೆಯದು. ಆಗಲೂ ಕ್ರಿಯೆ ವೇಗವಾಗಿ ಮುಂದುವರಿದರೆ ಆಮ್ಲ ದ್ರವಕ್ಕೆ ಸೋರಿಹೋಗಿದೆ ಎಂದೇ ಅರ್ಥ. ಮರುಬಳಕೆಯ ಫಲಿತಾಂಶವನ್ನು ಅಳೆದಿರುವ ರೀತಿ ಎರಡನೆಯದು. ಪ್ರತಿ ಸಲವೂ ಕ್ರಿಯೆಯನ್ನು ಪೂರ್ಣ ಮುಗಿಯುವವರೆಗೆ ಬಿಟ್ಟರೆ, ಅರ್ಧ ಶಕ್ತಿ ಕಳೆದುಕೊಂಡ ವೇಗವರ್ಧಕವೂ ಹೊಸದರಷ್ಟೇ ಇಳುವರಿ ತೋರಿಸಬಹುದು; ಆದ್ದರಿಂದ ಕ್ರಿಯೆಯ ಆರಂಭದ ವೇಗವನ್ನು ಪ್ರತಿ ಸಲವೂ ಹೋಲಿಸಿರಬೇಕು.