ಆರು ಇಟ್ಟಿಗೆ

"ಕೂರೋರು ಯಾರವ್ವ?"

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಕೇಳಿದ್ದು ಇಷ್ಟೇ. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೆ ಆ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ.

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಹೊಂಗೆ ಮರ ಇದೆ. ಸೈಟು ಕೊಂಡ ವರ್ಷ ಅಪ್ಪ ನೆಟ್ಟದ್ದು. ಅದರ ಕೆಳಗೆ ಕೂರುವುದಕ್ಕೆ ಒಂದು ಜಾಗ ಮಾಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಹೊಂಗೆಯ ಗುಣ ಗೊತ್ತಲ್ವಾ? ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆ ಉದುರಿಸುತ್ತದೆ. ಬಿಸಿಲು ಜೋರಾಗುವಷ್ಟರಲ್ಲಿ ಮತ್ತೆ ಎಳೆ ಹಸಿರು ಹೊದ್ದು ನಿಂತಿರುತ್ತದೆ. ಈಗ ಮೇ ತಿಂಗಳಲ್ಲಿ ನೆಲದ ತುಂಬಾ ಹೂವು, ಮಂಡಕ್ಕಿ ಚೆಲ್ಲಿದ ಹಾಗೆ. ಇಂಥದ್ದೇ ಮರವನ್ನು ಪಕ್ಕದ ಮನೆಯವರು ಕಸ ಜಾಸ್ತಿ ಅಂತ ಕಡಿಸಿಬಿಟ್ಟರು. ಮಧ್ಯಾಹ್ನ ಅವರ ಗೋಡೆ ಕೈ ಇಡಲಾಗದಷ್ಟು ಕಾಯುತ್ತದೆ. ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ನನ್ನ ಫೋನಿನಲ್ಲಿ ಚಿತ್ರಗಳ ರಾಶಿಯೇ ಇತ್ತು. ತೂಗುವ ಕುರ್ಚಿ, ಮರಕ್ಕೆ ಸುತ್ತಿದ ದೀಪದ ಸರ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹುಲ್ಲು. ಬೆಂಗಳೂರಿನಲ್ಲಿರುವ ತಮ್ಮ ದಿನಕ್ಕೊಂದು ಚಿತ್ರ ಕಳಿಸುತ್ತಿದ್ದ. ಅವನು ಒಳ್ಳೆಯವನು, ಆದರೆ ಯಾವ ವಸ್ತುವನ್ನೂ ಬಿಸಿಲಲ್ಲಿಟ್ಟು ನೋಡುವವನಲ್ಲ. ಪ್ಲಾಸ್ಟಿಕ್ ಹುಲ್ಲು ನಮ್ಮ ಬಿಸಿಲಿಗೆ ಎಷ್ಟು ಕಾಯುತ್ತದೆ ಅನ್ನುವುದು ಅದರ ಮೇಲೆ ಬರಿಗಾಲಲ್ಲಿ ನಡೆದವರಿಗೇ ಗೊತ್ತು. ಎರಡು ವರ್ಷದ ಹಿಂದೆ ಅವನ ಮಾತು ಕೇಳಿ ಬೆತ್ತದಂತೆ ಕಾಣುವ ಒಂದು ಸೋಫಾ ಸೆಟ್ ತರಿಸಿದ್ದೆ. ಅಮ್ಮ ಅದರಲ್ಲಿ ಒಂದು ಸಲ ಕೂತು "ಚೆನ್ನಾಗಿದೆ" ಅಂದಿದ್ದರು. ಆಮೇಲೆ ಕೂರಲಿಲ್ಲ.

ಮೇಸ್ತ್ರಿ ಅಂದರೆ ನಮ್ಮ ಮನೆ ಕಟ್ಟಿದವರೇ. ಹೆಚ್ಚುಕಮ್ಮಿ ಅಮ್ಮನ ವಯಸ್ಸು. ಚಿತ್ರಗಳನ್ನೆಲ್ಲ ತಾಳ್ಮೆಯಿಂದ ನೋಡಿದರು. ಫೋನು ವಾಪಸ್ ಕೊಟ್ಟು ಆ ಪ್ರಶ್ನೆ ಕೇಳಿದರು.

"ಎಲ್ರೂ ಕೂರ್ತೀವಿ" ಅಂದೆ.

"ಎಲ್ರಿಗೂ ಅಂತ ಒಂದು ಎತ್ತರ ಬರಲ್ವಲ್ಲವ್ವ. ದಿನಾ ಕೂರೋರು ಯಾರು?"

ನಾನು ಒಂಬತ್ತಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಏಳಕ್ಕೆ. ಮಗಳು ಹಾಸ್ಟೆಲಿನಲ್ಲಿ. ಯಜಮಾನರಿಗೆ ಸಂಜೆ ವಾಕಿಂಗು. ದಿನಾ ಮನೆಯಲ್ಲಿರುವವರು ಅಮ್ಮ ಒಬ್ಬರೇ. "ಅಮ್ಮ" ಅಂದೆ.

"ಹಂಗಾರೆ ಅವ್ರನ್ನ ಕರೀರಿ."

ಮೇಸ್ತ್ರಿ ಮರದ ಕೆಳಗೆ ಪಕ್ಕಪಕ್ಕದಲ್ಲಿ ಇಟ್ಟಿಗೆಯ ಎರಡು ಸಾಲು ಪೇರಿಸಿದರು. ನಾಲ್ಕು ನಾಲ್ಕು ಇಟ್ಟಿಗೆ, ಮೇಲೊಂದು ಹಲಗೆ. "ಕೂತ್ಕಳಿ ಅಮ್ಮಾವ್ರೇ." ಅಮ್ಮ ಕೂತರು. "ಈಗ ಏಳಿ." ಅಮ್ಮ ನನ್ನ ಭುಜ ಹಿಡಿದು ಎದ್ದರು. ಇನ್ನೊಂದೊಂದು ಇಟ್ಟಿಗೆ ಇಟ್ಟರು. ಈ ಸಲ ಭುಜ ಬೇಕಾಗಲಿಲ್ಲ, ಆದರೆ ಎರಡೂ ಕೈ ಮಂಡಿ ಮೇಲೆ ಊರಿದರು. ಆರನೆಯ ಇಟ್ಟಿಗೆ ಇಟ್ಟಾಗ ಅಮ್ಮ ಕೂತರು, ಎದ್ದರು. ಕೈ ಎಲ್ಲೂ ಊರಲಿಲ್ಲ. ತಮಗೇ ನಂಬಿಕೆ ಬರದವರ ಹಾಗೆ ಮತ್ತೆ ಕೂತು ಮತ್ತೆ ಎದ್ದರು. ಜೋರಾಗಿ ನಕ್ಕರು.

ಮೇಸ್ತ್ರಿ ಟೇಪು ಹಿಡಿದರು. ಹಲಗೆಯೂ ಸೇರಿ 19 ಇಂಚು.

ಅಲ್ಲಿ ನಿಂತು ನೋಡುತ್ತಿದ್ದ ನನಗೆ ಗಂಟಲು ಕಟ್ಟಿತು. ಮೂರು ವರ್ಷದಿಂದ ಅಮ್ಮ ಹಿತ್ತಿಲಿಗೆ ಬರುವುದನ್ನು ಕಡಿಮೆ ಮಾಡಿದ್ದರು. ಮೊದಲೆಲ್ಲ ಸೊಪ್ಪು ಸೋಸುವುದು, ಅವರೆಕಾಯಿ ಸುಲಿಯುವುದು, ತಲೆ ಬಾಚಿಕೊಳ್ಳುವುದು ಎಲ್ಲ ಹಿಂದಿನ ಮೆಟ್ಟಿಲ ಮೇಲೆ ಕೂತೇ. ಆಮೇಲೆ ಎಲ್ಲ ಒಳಗಿನ ಊಟದ ಮೇಜಿಗೆ ಬಂತು. ಅಪ್ಪ ಹೋದ ಮೇಲೆ ಗಿಡಗಳ ಮೇಲೆ ಆಸೆ ಹೋಯಿತು ಅಂದುಕೊಂಡೆ. ಯಾರಾದರೂ ಕೇಳಿದರೆ ಹಾಗೇ ಹೇಳಿದ್ದೇನೆ ಕೂಡ. ಆಸೆ ಎಲ್ಲೂ ಹೋಗಿರಲಿಲ್ಲ. ಆ ಮೆಟ್ಟಿಲ ಎತ್ತರ ಏಳು ಇಂಚು. ಅಲ್ಲಿ ಕೂತರೆ ಏಳುವುದಕ್ಕೆ ಯಾರನ್ನಾದರೂ ಕೂಗಬೇಕು. ಕೂಗಿದರೆ ನಾನು ಆಫೀಸಿನಲ್ಲಿ.

ಆ ಸೋಫಾವನ್ನೂ ಅವತ್ತು ಅಳೆದೆ. ಕೂತರೆ ದಿಂಬು ಕುಸಿದು ನೆಲದಿಂದ ಒಂದಡಿಯೂ ಉಳಿಯುವುದಿಲ್ಲ. "ಚೆನ್ನಾಗಿದೆ" ಅಂದ ಅಮ್ಮ ಅವತ್ತು ಅದರಿಂದ ಹೇಗೆ ಎದ್ದಿರಬಹುದು? ನಾನು ನೋಡಿಯೇ ಇರಲಿಲ್ಲ.

ಅಲ್ಲಿಂದ ಮುಂದೆ ಮೇಸ್ತ್ರಿ ನನ್ನನ್ನು ಏನೂ ಕೇಳಲಿಲ್ಲ, ಅಮ್ಮನನ್ನೇ ಕೇಳಿದರು. ಮರದ ಬುಡಕ್ಕೆ ಅಂಟಿಸಿ ಕಟ್ಟೆ ಕಟ್ಟಬೇಕು ಅಂತ ನನಗಿತ್ತು. ಅಮ್ಮ ಬೇಡ ಅಂದರು. ಅಲ್ಲಿಗೆ ಕುಕ್ಕರ್ ಕೂಗಿದ್ದು ಕೇಳಿಸುವುದಿಲ್ಲವಂತೆ. ಮೇಸ್ತ್ರಿಯೂ ಬೇಡ ಅಂದರು. ಬುಡದ ಸುತ್ತ ಸಿಮೆಂಟು ಬಿಗಿದರೆ ಬೇರಿಗೆ ಗಾಳಿ ನೀರು ಎರಡೂ ಹೋಗುವುದಿಲ್ಲ. ಹಾಗಾಗಿ ಕಟ್ಟೆ ಅಡುಗೆಮನೆ ಕಿಟಕಿಯ ಕಡೆಗೆ ಸರಿಯಿತು. ಮಧ್ಯಾಹ್ನ ಎರಡರ ಮೇಲೆ ಅಲ್ಲಿಗೂ ಹೊಂಗೆಯ ನೆರಳು ಬರುತ್ತದೆ. ನೆಲಕ್ಕೆ ಒರಟು ಚಪ್ಪಡಿ ಕಲ್ಲು, ಅಡಿಗೆ ಮರಳು, ಸಂದಿಗೆ ಮಣ್ಣು. ಪಾಲಿಶ್ ಮಾಡಿದ ಗ್ರಾನೈಟು ಒದ್ದೆಯಾದರೆ ಜಾರುತ್ತದೆ, ಅದರ ಮಾತೇ ಬೇಡ ಅಂದರು ಅಮ್ಮ. ಮನೆ ಕಡೆಯಿಂದ ಆಚೆಗೆ ನೀರು ಹರಿಯುವಂತೆ ಐದು ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟರು. ಏಳು ಇಂಚಿನ ಆ ಮೆಟ್ಟಿಲನ್ನು ಒಡೆದು ಎರಡು ಮೆಟ್ಟಿಲು ಮಾಡಿದರು. ಒಂದೊಂದೂ ಮೂರೂವರೆ ಇಂಚು.

ಅಮ್ಮ ಕೇಳಿದ ಇನ್ನೊಂದು ವಸ್ತು ಕಂಬ. ಕಟ್ಟೆಯ ತುದಿಗೆ, ಕೈಗೆ ಸಿಗುವಂತೆ, ಬೇಲಿಗೆ ನೆಡುವಂಥ ಒಂದು ಕಲ್ಲುಕಂಬ. ಯಾಕೆ ಅಂದಾಗ ಅಜ್ಜಿಯ ಮನೆ ನೆನಪಿಸಿದರು. ನಂಜನಗೂಡು ಹತ್ತಿರದ ಆ ತೊಟ್ಟಿ ಮನೆಯ ಜಗಲಿಯಲ್ಲಿ ಮರದ ಕಂಬಗಳಿದ್ದವು. ಅಜ್ಜಿ ಒಂದಕ್ಕೆ ಒರಗಿ ಕೂರುತ್ತಿದ್ದರು, ಅದನ್ನೇ ಹಿಡಿದು ಏಳುತ್ತಿದ್ದರು. ಕೈಯ ಎಣ್ಣೆ ಬೆವರು ಹತ್ತಿ ಆ ಕಂಬ ಒಂದು ಕಡೆ ಕಪ್ಪಗೆ ಮಿರಮಿರ ಅನ್ನುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ.

ಅವತ್ತಿನಿಂದ ಎಲ್ಲಿ ಹೋದರೂ ಕೂರುವ ಜಾಗಗಳನ್ನೇ ನೋಡುತ್ತಿದ್ದೇನೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕಲ್ಲಿನ ಬೆಂಚುಗಳಿವೆ. ಒಂದಕ್ಕೂ ಬೆನ್ನಿಗೆ ಆಸರೆ ಇಲ್ಲ, ಕೈಗೆ ಹಿಡಿ ಇಲ್ಲ. ಬೆಳಿಗ್ಗೆ ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ವಯಸ್ಸಾದವರೇ. ಬಸ್ ಸ್ಟಾಪಿನಲ್ಲಿ ಇಳಿಜಾರಾದ ಕಬ್ಬಿಣದ ಪೈಪು, ಕೂತರೆ ಜಾರುತ್ತದೆ. ನಮ್ಮ ಬೀದಿಯಲ್ಲಿ ಜಗಲಿ ಇದ್ದ ಕಡೆಯೆಲ್ಲ ಈಗ ಕಾರು ನಿಲ್ಲುತ್ತದೆ. ಮುಂದೆ ಆರಡಿ ಎತ್ತರದ ಕಾಂಪೌಂಡು. ಇದನ್ನೆಲ್ಲ ಕಟ್ಟಿಸಿದವರು ಯಾರೂ ಕೆಟ್ಟವರಲ್ಲ. ಒಬ್ಬರನ್ನು ಕರೆದು ಕೂರಿಸಿ ನೋಡಲಿಲ್ಲ, ಅಷ್ಟೇ. ನಾನೂ ನೋಡಿರಲಿಲ್ಲ. ವಯಸ್ಸಾದವರು ಮನೆಯಿಂದ ಆಚೆ ಬರುವುದಿಲ್ಲ, ಟಿವಿ ಮುಂದೆ ಕೂತಿರುತ್ತಾರೆ ಅಂತ ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ. ಆಚೆ ಅವರು ಕೂತು ಏಳುವಂಥ ಒಂದು ಜಾಗ ಇದೆಯಾ?

ಸೊಳ್ಳೆಯ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ. ಕುಂಡದ ಕೆಳಗಿನ ತಟ್ಟೆಗಳ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಉಜ್ಜಿ, ಒಣಗಿಸಬೇಕು. ಡೆಂಗಿ ತರುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅಮ್ಮ ಅಲ್ಲಿ ಕೂರುವ ಹೊತ್ತಿನಲ್ಲೇ.

ಕಟ್ಟೆ ಮಂಗಳವಾರ ಸಂಜೆ ಮುಗಿಯಿತು. ಒಂದು ವಾರ ನೀರು ಕುಡಿಸಬೇಕು, ಅಲ್ಲಿಯವರೆಗೆ ಯಾರೂ ಕೂರಬಾರದು ಅಂತ ಮೇಸ್ತ್ರಿ ಹೇಳಿ ಹೋದರು. ಹೋಗುವಾಗ ಮರದ ಕೆಳಗಿನ ಇಟ್ಟಿಗೆಗಳನ್ನು ತೆಗೆಯಲು ಹೊರಟವರನ್ನು ಅಮ್ಮ ತಡೆದರು.

ಇವತ್ತು ನಾನು ಆಫೀಸಿನಿಂದ ಒಂದು ಗಂಟೆ ಮುಂಚೆಯೇ ಬಂದೆ. ಮುಂದಿನ ಬಾಗಿಲು ತೆರೆದರೆ ಒಳಗೆ ಟಿವಿ ಸದ್ದು ಇರಲಿಲ್ಲ. ಹಿತ್ತಿಲಿಗೆ ಹೋದೆ. ಆರು ಇಟ್ಟಿಗೆ ಎತ್ತರದ ಹಲಗೆಯ ಮೇಲೆ ಅಮ್ಮ ಕೂತಿದ್ದರು. ಮಡಿಲಲ್ಲಿ ದಂಟಿನ ಸೊಪ್ಪು, ತಲೆಯ ಮೇಲೆ ಎರಡು ಹೊಂಗೆ ಹೂವು. ನನ್ನನ್ನು ನೋಡಿ ಎದ್ದು ನಿಂತರು.

"ಕಾಫಿ ಕುಡೀತೀಯಾ?" ಅಂದರು.