ಗಂಡಭೇರುಂಡ ನಿಜವಾಗ್ಲೂ ಇತ್ತಾ?

ನಾನು ಜೀವಶಾಸ್ತ್ರ ಓದಿದವನು ಅಂತ ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲೂ ಬಿಡದೆ ಕೇಳುತ್ತಾರೆ: "ಗಂಡಭೇರುಂಡ ಅನ್ನೋ ಹಕ್ಕಿ ನಿಜವಾಗ್ಲೂ ಇತ್ತಾ?" ಎರಡು ತಲೆಯ ಈ ಹಕ್ಕಿ ರಾಜ್ಯದ ಲಾಂಛನದಲ್ಲಿದೆ, ಸರ್ಕಾರಿ ಬಸ್ಸಿನ ಮೇಲಿದೆ. ಅಂದಮೇಲೆ ಎಲ್ಲೋ ಒಂದು ಕಡೆ ಬದುಕಿಯೂ ಇರಬೇಕಲ್ವಾ ಅನ್ನುವುದು ಅವರ ವಾದ.

ಇರಲಿಲ್ಲ. ಆದರೆ ತಪ್ಪು ಎರಡು ತಲೆಯದ್ದಲ್ಲ. ಅವಳಿಯಾಗಬೇಕಿದ್ದ ಭ್ರೂಣ ಪೂರ್ತಿ ಬೇರೆಯಾಗದೆ ಅರ್ಧಕ್ಕೇ ನಿಂತರೆ ಒಂದು ಮೈಗೆ ಎರಡು ತಲೆ ಬರಬಹುದು. ಕರು, ಆಮೆ, ಹಾವುಗಳಲ್ಲಿ ಇದು ಅಪರೂಪಕ್ಕೆ ಆಗುತ್ತದೆ. ಹೆಚ್ಚಿನವು ಬೇಗ ಸಾಯುತ್ತವೆ. ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿದ್ದ ಎರಡು ತಲೆಯ ಹಾವೊಂದು ಮಾತ್ರ ಗಟ್ಟಿಗಿತ್ತಿ, 15 ಮರಿಗಳಿಗೆ ತಾಯಿಯಾಯಿತು. ಮರಿಗಳಿಗೆಲ್ಲ ಒಂದೊಂದೇ ತಲೆ!

ಮಜಾ ಇರುವುದು ಊಟದ ಹೊತ್ತಿನಲ್ಲಿ. ಇಂಥ ಹಾವಿಗೆ ಇಲಿ ಹಾಕಿದರೆ ಎರಡೂ ತಲೆಗಳು ನನಗೆ ತನಗೆ ಅಂತ ಕಚ್ಚಾಡುತ್ತವೆ. ಹೋಗುವುದು ಒಂದೇ ಮೈಗೆ, ಆದರೆ ಮಿದುಳು ಎರಡು. ಅದಕ್ಕೇ ಸಾಕುವವರು ನಡುವೆ ಏನಾದರೂ ಅಡ್ಡ ಹಿಡಿದು ಒಂದೊಂದು ಬಾಯಿಗೇ ಉಣಿಸುವುದುಂಟು. ಪಂಚತಂತ್ರದ ಭಾರುಂಡ ಹಕ್ಕಿಯ ಕತೆ ನೆನಪಾಯಿತಾ? ಎರಡು ತಲೆ, ಒಂದೇ ಹೊಟ್ಟೆ. ಒಂದು ತಲೆ ಸಿಹಿಯಾದದ್ದನ್ನು ಹಂಚಿಕೊಳ್ಳಲಿಲ್ಲ ಅಂತ ಇನ್ನೊಂದು ಸಿಟ್ಟಿಗೆ ವಿಷ ತಿಂದು ಇಬ್ಬರೂ ಸತ್ತರು. ಕತೆ ಕಟ್ಟಿದವರು ಇಂಥ ಹಾವನ್ನು ನೋಡಿದ್ದರೇನೋ ಅಂತ ನನಗೆ ಸುಮ್ನೆ ಒಂದು ಗುಮಾನಿ.

ನಿಜವಾದ ತೊಡಕು ಆನೆಗಳದ್ದು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯ ನೋಡಿ. ಉಗುರಿನಷ್ಟಗಲದ ಜಾಗದಲ್ಲಿ ಹಕ್ಕಿ ಕೊಕ್ಕಿಗೊಂದು, ಕಾಲಿಗೊಂದು ಆನೆ ಹಿಡಿದಿದೆ. ಒಂದು ಗಂಡಾನೆ ಸುಮಾರು 4 ಟನ್. ಹದ್ದುಗಳು ಸಾಮಾನ್ಯವಾಗಿ ತಮ್ಮ ತೂಕದಷ್ಟನ್ನೂ ಎತ್ತಿಕೊಂಡು ಹಾರಲಾರವು. ಹಕ್ಕಿಯನ್ನೇ ದೊಡ್ಡದು ಮಾಡೋಣ ಅಂದರೆ ಅದಕ್ಕೂ ಲೆಕ್ಕ ಒಪ್ಪುವುದಿಲ್ಲ. ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು, ಅಂದರೆ ದೊಡ್ಡದಾದಷ್ಟೂ ರೆಕ್ಕೆಗೆ ಮೈ ಭಾರ. ಡೈನೋಸಾರುಗಳ ಕಾಲದ ಕ್ವೆಟ್ಸಾಲ್ಕೋಆಟ್ಲಸ್, ಹಾರಿದ ಪ್ರಾಣಿಗಳಲ್ಲೇ ದೈತ್ಯ, ರೆಕ್ಕೆ ಬಿಚ್ಚಿದರೆ ಸುಮಾರು 10 ಮೀಟರ್. ಅದರ ತೂಕವೂ ಸುಮಾರು ಕಾಲು ಟನ್ ಅನ್ನುತ್ತಾರೆ. ಆನೆ ಮರಿಯನ್ನೂ ಎತ್ತುತ್ತಿರಲಿಲ್ಲ.

"ಹಾಗಾದ್ರೆ ಕಲ್ಲಿನಲ್ಲಿ ಕೆತ್ತಿದ್ದಾರಲ್ಲ?" ಅನ್ನುವವರಿದ್ದಾರೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಗೆ ಹೋಗಿ ಬನ್ನಿ. ಅಲ್ಲಿ 1047ರ ಕಂಬದ ತುದಿಯಲ್ಲಿರುವ ಭೇರುಂಡನಿಗೆ ತಲೆಗಳು ಹಕ್ಕಿಯವು, ಮೈ ಮನುಷ್ಯನದು. ಐನೂರು ವರ್ಷ ಕಳೆದು ನಾಣ್ಯಕ್ಕೆ ಬರುವಷ್ಟರಲ್ಲಿ ಪೂರ್ತಿ ಹಕ್ಕಿ. ಕಣ್ಣಾರೆ ಕಂಡ ಪ್ರಾಣಿಯಾಗಿದ್ದರೆ ಮೈ ಹೀಗೆ ಬದಲಾಗುತ್ತಿತ್ತಾ? ಈಗಿನ ಟರ್ಕಿಯಲ್ಲಿ ಹಿಟ್ಟೈಟರೆಂಬ ಪ್ರಾಚೀನ ಜನ ಮೂರು ಸಾವಿರ ವರ್ಷಕ್ಕೂ ಹಿಂದೆಯೇ ಎರಡು ತಲೆಯ ಹದ್ದು ಕೆತ್ತಿದ್ದರು. ಅಲ್ಬೇನಿಯಾದ ಬಾವುಟದಲ್ಲಿ, ರಷ್ಯಾದ ಲಾಂಛನದಲ್ಲಿ ಈಗಲೂ ಇದೆ. ಒಂದು ತಲೆಯ ಹಕ್ಕಿ ಎಡಕ್ಕೋ ಬಲಕ್ಕೋ ನೋಡಬೇಕು. ಎರಡಿದ್ದರೆ ಚಿತ್ರ ಎರಡೂ ಕಡೆ ಸಮ. ಶಿಲ್ಪಿಗೆ ಅನುಕೂಲ, ರಾಜನಿಗೆ ಗತ್ತು.

ಇಷ್ಟಾದ ಮೇಲೆ ಯಾರಾದರೂ ದನಿ ತಗ್ಗಿಸಿ, "ಎರಡು ತಲೆ ಹಾವು ಮನೇಲಿದ್ರೆ ದುಡ್ಡು ಬರುತ್ತಂತೆ, ಹೌದಾ?" ಅನ್ನುತ್ತಾರೆ. ಅದು ಮಣ್ಣುಮುಕ್ಕ ಹಾವು. ತಲೆ ಒಂದೇ, ಬಾಲ ಮೊಂಡು. ಹೆದರಿದಾಗ ತಲೆ ಬಚ್ಚಿಟ್ಟು ಬಾಲ ತೋರಿಸುತ್ತದೆ. ಅದನ್ನು ಹಿಡಿಯುವುದು, ಮಾರುವುದು ಕಾನೂನು ಪ್ರಕಾರ ಅಪರಾಧ. ಬರುವುದು ದುಡ್ಡಲ್ಲ, ಅರಣ್ಯ ಇಲಾಖೆಯವರು.